ಹಬ್ಬಕ್ಕಿಂತ ಮೊದಲು ಕಾಯುವುದನ್ನು ಕಲಿಯಬೇಕು

ಕ್ರಿಸ್‌ಮಸ್ ಎಲ್ಲರಿಗೂ ಗೊತ್ತು. ಅದಕ್ಕೆ ಮುಂಚಿನ ನಾಲ್ಕು ಭಾನುವಾರಗಳ ‘ಆಗಮನ ಕಾಲ’ ಗೊತ್ತಿರುವುದು ಕಡಿಮೆ ಜನಕ್ಕೆ. ಕ್ಯಾಥೊಲಿಕ್ ಧರ್ಮಕ್ಕೆ ಹೊಸದಾಗಿ ಬಂದವರಿಗೆ ಈ ದಿನಗಳೇ ಮೊದಲ ಪಾಠಶಾಲೆ.

ನವೆಂಬರ್ ಮುಗಿಯುತ್ತಾ ಬಂದಿತೆಂದರೆ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನಲ್ಲಿ, ಮಂಗಳೂರಿನ ಹಂಪನಕಟ್ಟೆಯಲ್ಲಿ ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು ತೂಗತೊಡಗುತ್ತವೆ. ಬೇಕರಿಯ ಗಾಜಿನ ಪೆಟ್ಟಿಗೆಗಳಲ್ಲಿ ಪ್ಲಂ ಕೇಕುಗಳು ಬಂದು ಕೂರುತ್ತವೆ. ಹತ್ತಿಯ ಗಡ್ಡ ಅಂಟಿಸಿಕೊಂಡ ಸಾಂತಾಕ್ಲಾಸ್ ಮಕ್ಕಳ ಕೈಗೆ ಮಿಠಾಯಿ ಹಾಕುತ್ತಾನೆ. ನೋಡಿದವರಿಗೆ ಹಬ್ಬ ಬಂದೇಬಿಟ್ಟಿತು ಎನ್ನಿಸಿದರೆ ತಪ್ಪಿಲ್ಲ.

ಅದೇ ವಾರ ಯಾವುದಾದರೂ ಕ್ಯಾಥೊಲಿಕ್ ಇಗರ್ಜಿಯೊಳಗೆ ಕಾಲಿಟ್ಟರೆ ಬೇರೆಯೇ ನೋಟ. ಗುರುಗಳು ತೊಟ್ಟ ಪೂಜಾವಸ್ತ್ರ ನೇರಳೆ ಬಣ್ಣದ್ದು. ಬಲಿಪೀಠದ ಬಳಿ ಹೂವಿನ ಅಲಂಕಾರ ಮಿತ. ಭಾನುವಾರದ ಪೂಜೆಯಲ್ಲಿ ಎಂದಿನಂತೆ ಕೇಳಿಬರುವ ದೇವಮಹಿಮೆಯ ಸ್ತೋತ್ರ ಈಗ ಇಲ್ಲ. ಮೂಲೆಯಲ್ಲಿ ಗೋದಲಿ ಕಟ್ಟಿದ್ದರೂ ಅದರ ನಡುವಿನ ಹುಲ್ಲಿನ ಹಾಸು ಖಾಲಿ. ಹೊರಗೆ ಹಬ್ಬ, ಒಳಗೆ ಮೌನ. ಹುಟ್ಟಿನಿಂದ ಕ್ಯಾಥೊಲಿಕರಾದವರಿಗೆ ಇದು ರೂಢಿಯಾಗಿ ಹೋಗಿರುತ್ತದೆ. ದೊಡ್ಡವರಾದ ಮೇಲೆ ಈ ಧರ್ಮಕ್ಕೆ ಬಂದವರು ಮಾತ್ರ ಒಂದು ಗಳಿಗೆ ನಿಂತು ಯೋಚಿಸುತ್ತಾರೆ: ಹಬ್ಬ ಯಾವಾಗ? ಅಲ್ಲಿಯವರೆಗೆ ಮಾಡಬೇಕಾದದ್ದೇನು?

ಕಾಯುವುದು ಎನ್ನುವುದೇ ಇದಕ್ಕೆ ಉತ್ತರ. ಕೇಳಲು ಸುಲಭವಾದ ಈ ಉತ್ತರ ಕಲಿಯಲು ಅಷ್ಟು ಸುಲಭವಲ್ಲ.

ವರ್ಷದ ಮೊದಲ ದಿನ

‘ಅಡ್ವೆಂಟ್’ ಎಂಬ ಮಾತು ಬಂದಿರುವುದು ಲ್ಯಾಟಿನ್ನಿನ ‘ಅಡ್ವೆಂತುಸ್’ನಿಂದ. ಬರುವಿಕೆ, ಆಗಮನ ಎಂದು ಅದರ ಅರ್ಥ. ಹಾಗಾಗಿಯೇ ಕನ್ನಡ ಕ್ಯಾಥೊಲಿಕರು ಇದನ್ನು ಆಗಮನ ಕಾಲ ಎನ್ನುತ್ತಾರೆ. ನವೆಂಬರ್ 30 ಸಂತ ಅಂದ್ರೆಯರ ಹಬ್ಬ. ಅದಕ್ಕೆ ಅತಿ ಸಮೀಪದ ಭಾನುವಾರ ಈ ಕಾಲದ ಮೊದಲ ದಿನ. ಎಂದರೆ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಭಾನುವಾರ. ನಾಲ್ಕು ಭಾನುವಾರಗಳು ಖಚಿತ. ದಿನಗಳ ಲೆಕ್ಕ ಮಾತ್ರ 22ರಿಂದ 28ರವರೆಗೆ ಹಿಗ್ಗಿ ಕುಗ್ಗುತ್ತದೆ. 2023ರಲ್ಲಿ ನಾಲ್ಕನೇ ಭಾನುವಾರವೇ ಡಿಸೆಂಬರ್ 24 ಆಗಿತ್ತು. ಬೆಳಿಗ್ಗೆ ಆಗಮನ ಕಾಲದ ಪೂಜೆ, ರಾತ್ರಿ ಕ್ರಿಸ್‌ಮಸ್ ಪೂಜೆ!

ಹೊಸಬರಿಗೆ ತಿಳಿಯಬೇಕಾದ ಮತ್ತೊಂದು ಸಂಗತಿಯುಂಟು. ಚರ್ಚಿನ ಪೂಜಾವರ್ಷ ಆರಂಭವಾಗುವುದು ಜನವರಿ 1ರಂದಲ್ಲ, ಈ ಭಾನುವಾರದಂದು. ನಮ್ಮಲ್ಲಿ ಯುಗಾದಿಗೆ ಹೊಸ ಪಂಚಾಂಗ ತೆರೆಯುವಂತೆ ಅಲ್ಲಿ ಆಗಮನ ಕಾಲಕ್ಕೆ ಹೊಸ ವಾಚನಗಳ ಸರದಿ ತೆರೆದುಕೊಳ್ಳುತ್ತದೆ. ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತು ತಿರುಗುತ್ತವೆ. ಹೊಸ ವರ್ಷವೆಂದರೆ ಪಟಾಕಿ, ಹಾರೈಕೆ ಎಂದುಕೊಂಡವರಿಗೆ ಇಲ್ಲಿ ವರ್ಷ ಶುರುವಾಗುವುದೇ ಬರಿಗೈಯಲ್ಲಿ ಕಾದು ನಿಲ್ಲುವುದರಿಂದ.

ಮೊದಲ ಅಚ್ಚರಿ

ಮೊದಲ ಭಾನುವಾರ ಕನ್ಯೆ ಮರಿಯಳ ಕತೆಯನ್ನೋ ಬೆತ್ಲೆಹೇಮಿನ ದನದ ಕೊಟ್ಟಿಗೆಯನ್ನೋ ನಿರೀಕ್ಷಿಸಿ ಬಂದವರಿಗೆ ನಿರಾಶೆ ಕಾದಿರುತ್ತದೆ. ಅಂದು ಓದುವ ಶುಭಸಂದೇಶದ ಭಾಗದಲ್ಲಿ ಕೂಸಿನ ಸುದ್ದಿಯೇ ಇಲ್ಲ. ಅಲ್ಲಿರುವುದು ಲೋಕದ ಅಂತ್ಯದ ಮಾತು. ಎಚ್ಚರವಾಗಿರಿ, ಮನೆಯೊಡೆಯ ಯಾವ ಹೊತ್ತಿಗೆ ಬರುತ್ತಾನೋ ತಿಳಿಯದು ಎಂಬ ಎಚ್ಚರಿಕೆ. ಎರಡು, ಮೂರನೇ ಭಾನುವಾರಗಳಲ್ಲಿ ಕಾಣಿಸಿಕೊಳ್ಳುವವನು ಅರಣ್ಯದಲ್ಲಿ ಕೂಗಿ ಹೇಳುವ ಸ್ನಾನಿಕ ಯೊವಾನ್ನ. ಮರಿಯಳೂ ಜೋಸೆಫನೂ ಮುಂದೆ ಬರುವುದು ನಾಲ್ಕನೇ ಭಾನುವಾರ.

ಇದಕ್ಕೆ ಕಾರಣವಿಲ್ಲದಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ 1969ರಲ್ಲಿ ಹೊರಬಂದ ಪೂಜಾವರ್ಷದ ನಿಯಮಾವಳಿ ಈ ಕಾಲಕ್ಕೆ ಎರಡು ಮುಖಗಳನ್ನು ಹೇಳುತ್ತದೆ. ಹಿಂದೆ ಹುಟ್ಟಿ ಬಂದ ಯೇಸುವಿನ ನೆನಪಿಗೆ ಸಿದ್ಧವಾಗುವುದು ಒಂದು. ಕಾಲದ ಕೊನೆಗೆ ಮರಳಿ ಬರುವನೆಂದು ನಂಬಿದವನಿಗಾಗಿ ಕಾಯುವುದು ಇನ್ನೊಂದು. ಡಿಸೆಂಬರ್ 16ರವರೆಗೆ ಎರಡನೆಯದಕ್ಕೆ ಒತ್ತು. 17ರಿಂದ 24ರವರೆಗೆ ಹುಟ್ಟುಹಬ್ಬದ ನೇರ ಸಿದ್ಧತೆ. ಹನ್ನೆರಡನೇ ಶತಮಾನದ ಸಂತ ಬರ್ನಾರ್ಡ್ ಈ ಎರಡರ ನಡುವೆ ಮೂರನೆಯದೊಂದು ಬರುವಿಕೆಯನ್ನು ಸೇರಿಸಿದರು. ಅದು ದಿನದಿನವೂ ಮನುಷ್ಯನ ಮನಸ್ಸಿನೊಳಗೆ ಸದ್ದಿಲ್ಲದೆ ನಡೆಯುವ ಆಗಮನ.

ಆ ಕೊನೆಯ ವಾರದ ಸಂಜೆಯ ಪ್ರಾರ್ಥನೆಯಲ್ಲಿ, ಡಿಸೆಂಬರ್ 17ರಿಂದ 23ರವರೆಗೆ, ದಿನಕ್ಕೊಂದರಂತೆ ಏಳು ಹೆಸರುಗಳಿಂದ ಯೇಸುವನ್ನು ಕರೆಯುವ ಹಳೆಯ ಪದ್ಧತಿಯಿದೆ. ಜ್ಞಾನ, ಪ್ರಭು, ಜೆಸ್ಸೆಯನ ಬೇರು, ದಾವೀದನ ಬೀಗದ ಕೈ, ಉದಯ, ರಾಷ್ಟ್ರಗಳ ಅರಸ, ಇಮ್ಮಾನುವೇಲ್. ಈ ಹೆಸರುಗಳ ಲ್ಯಾಟಿನ್ ರೂಪದ ಮೊದಲಕ್ಷರಗಳನ್ನು ಹಿಂದುಮುಂದಾಗಿ ಜೋಡಿಸಿದರೆ ‘ಎರೊ ಕ್ರಾಸ್’ ಎಂದಾಗುತ್ತದೆ. ‘ನಾಳೆ ಇರುತ್ತೇನೆ’ ಎಂದು ಅದರ ಅರ್ಥ. ಅದು ಬೇಕೆಂದೇ ಜೋಡಿಸಿದ್ದೋ ಕಾಕತಾಳೀಯವೋ, ಕಾದವರಿಗೆ ಸಿಕ್ಕ ಉತ್ತರದಂತಿದೆ ಎಂಬುದಂತೂ ನಿಜ.

ಎರಡು ನಿರೀಕ್ಷೆಗಳು

ದೊಡ್ಡವರು ಕ್ಯಾಥೊಲಿಕರಾಗುವುದು ಒಂದು ದಿನದ ಮಾತಲ್ಲ. ಮೊದಲ ಶತಮಾನಗಳ ಕ್ರೈಸ್ತರಲ್ಲಿದ್ದ ದೀರ್ಘ ಸಿದ್ಧತೆಯ ಪದ್ಧತಿಯನ್ನು ಚರ್ಚು ಮತ್ತೆ ಜಾರಿಗೆ ತಂದು, ಅದರ ವಿಧಿಗಳನ್ನು 1972ರ ಜನವರಿ 6ರಂದು ಪ್ರಕಟಿಸಿತು. ಅದರಂತೆ ಜ್ಞಾನಸ್ನಾನ ನಡೆಯುವುದು ಸಾಮಾನ್ಯವಾಗಿ ಈಸ್ಟರಿನ ಹಿಂದಿನ ರಾತ್ರಿಯ ಜಾಗರಣೆಯಲ್ಲಿ. ಅದಕ್ಕೆ ಮುಂಚೆ ಹಲವು ತಿಂಗಳು, ಕೆಲವೆಡೆ ವರ್ಷಕ್ಕೂ ಮಿಕ್ಕಿ, ಉಪದೇಶದ ಪಾಠ ನಡೆಯುತ್ತದೆ.

ಹೀಗಾಗಿ ಬಹುಪಾಲು ಹೊಸಬರು ತಮ್ಮ ಮೊದಲ ಆಗಮನ ಕಾಲವನ್ನು ಕಾಣುವುದು ಜ್ಞಾನಸ್ನಾನಕ್ಕೆ ಮೊದಲೇ. ಊರಿಗೆಲ್ಲ ಕ್ರಿಸ್‌ಮಸ್ಸಿನ ನಿರೀಕ್ಷೆಯಾದರೆ ಇವರಿಗೆ ಅದರಾಚೆಗೆ ಈಸ್ಟರಿನ ನಿರೀಕ್ಷೆ ಬೇರೆ. ಪದ್ಧತಿಯನ್ನು ಕಟ್ಟುನಿಟ್ಟಾಗಿ ಪಾಲಿಸುವ ಧರ್ಮಕೇಂದ್ರಗಳಲ್ಲಿ ಪ್ರಬೋಧನೆ ಮುಗಿದೊಡನೆ ಇವರನ್ನು ಹರಸಿ ಹೊರಗೆ ಕಳುಹಿಸುವುದುಂಟು. ಉಳಿದವರು ಪರಮಪ್ರಸಾದಕ್ಕೆ ಸಾಲು ನಿಲ್ಲುವಾಗ ಇವರು ಪಕ್ಕದ ಕೋಣೆಯಲ್ಲಿ ಅಂದಿನ ವಾಚನದ ಬಗ್ಗೆ ಮಾತನಾಡುತ್ತಾ ಕೂತಿರುತ್ತಾರೆ. ಊಟದ ಪಂಕ್ತಿಗೆ ಕರೆದು ಎಲೆ ಹಾಕದೆ ಕೂರಿಸಿದಂತೆ ಎನ್ನಿಸೀತು. ಆದರೆ ಕಾಯುವುದರ ಅರ್ಥ ಅವರಷ್ಟು ಸ್ಪಷ್ಟವಾಗಿ ಆ ಇಗರ್ಜಿಯಲ್ಲಿ ಮತ್ತೊಬ್ಬರಿಗೆ ತಿಳಿದಿರಲಾರದು.

ದೀಪ ಮತ್ತು ಉಪವಾಸ

ಮನೆಯಲ್ಲಿ ಏನು ಮಾಡಬೇಕು? ಇದು ಹೊಸಬರ ಮುಂದಿನ ಪ್ರಶ್ನೆ. ಹೆಚ್ಚಿನವರು ಶುರುಮಾಡುವುದು ನಾಲ್ಕು ಮೇಣದಬತ್ತಿಗಳಿಂದ. ಹಸಿರೆಲೆಯ ಬಳೆಯೊಂದರಲ್ಲಿ ಮೂರು ನೇರಳೆ, ಒಂದು ಗುಲಾಬಿ ಬತ್ತಿ ನಿಲ್ಲಿಸಿ ಭಾನುವಾರಕ್ಕೊಂದರಂತೆ ಹಚ್ಚುತ್ತಾ ಹೋಗುವುದು. ಗುಲಾಬಿಯ ಸರದಿ ಮೂರನೇ ಭಾನುವಾರದ್ದು. ಕಾಯುವಿಕೆ ಅರ್ಧ ದಾಟಿತು, ಸ್ವಲ್ಪ ನಗಬಹುದು ಎಂಬುದರ ಗುರುತು ಅದು. ಅಂದು ಗುರುಗಳೂ ಗುಲಾಬಿ ಬಣ್ಣದ ಪೂಜಾವಸ್ತ್ರ ತೊಡಬಹುದು. ಯೂರೋಪಿನಲ್ಲಿ ಈ ಬಳೆಗೆ ಫರ್ ಮರದ ರೆಂಬೆ; ನಮ್ಮ ಕರಾವಳಿಯಲ್ಲಾದರೆ ಗಾಳಿಮರದ ಸೊಪ್ಪು ಸಾಕು.

ಈ ಪದ್ಧತಿ ಪುರಾತನವಾದದ್ದೆಂದು ತಿಳಿದವರೇ ಹೆಚ್ಚು. ಹಾಗೇನೂ ಇಲ್ಲ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಬಡ ಮಕ್ಕಳಿಗಾಗಿ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಖ್ ವಿಖರ್ನ್ ಎಂಬ ಪಾದ್ರಿ 1839ರಲ್ಲಿ ಗಾಡಿಯ ಚಕ್ರವೊಂದರ ಮೇಲೆ ಬತ್ತಿಗಳನ್ನು ನಿಲ್ಲಿಸಿದರು. ಕ್ರಿಸ್‌ಮಸ್ಸಿಗೆ ಇನ್ನೆಷ್ಟು ದಿನ ಎಂದು ದಿನವೂ ಕೇಳುತ್ತಿದ್ದ ಮಕ್ಕಳಿಗೆ ಲೆಕ್ಕ ತೋರಿಸಲು ಅವರು ಹೂಡಿದ ಉಪಾಯ ಅದು. ವಿಖರ್ನ್ ಲೂಥರನ್ನರು, ಎಂದರೆ ಪ್ರೊಟೆಸ್ಟೆಂಟರು. ಕ್ಯಾಥೊಲಿಕ್ ಇಗರ್ಜಿಗಳಿಗೆ ಆ ಬಳೆ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ಪ್ರೊಟೆಸ್ಟೆಂಟ್ ಮನೆತನದಿಂದ ಕ್ಯಾಥೊಲಿಕರಾದವರಿಗೆ ತಮ್ಮ ಹಳೆಯ ಮನೆಯ ದೀಪವೇ ಹೊಸ ಮನೆಯಲ್ಲಿ ಎದುರಾದಂತೆ.

ಉಪವಾಸದ ಕತೆ ಇದಕ್ಕಿಂತ ಬಹಳ ಹಳೆಯದು. ಐದನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ತೂರ್ ಪಟ್ಟಣದ ಬಿಷಪ್ ಪೆರ್ಪೆತುವುಸ್, ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದಿಂದ ಕ್ರಿಸ್‌ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸವೆಂದು ಗೊತ್ತುಮಾಡಿದ್ದರು. ಇಟಲಿಯ ಮಿಲಾನಿನಲ್ಲಿ ಇಂದಿಗೂ ಆಗಮನ ಕಾಲಕ್ಕೆ ಆರು ವಾರ. ನಮ್ಮ ನೆರೆಯ ಕೇರಳದ ಸಿರೋ ಮಲಬಾರ್ ಕ್ಯಾಥೊಲಿಕರು ಡಿಸೆಂಬರ್ 1ರಿಂದ 25 ದಿನಗಳ ನೋಂಬು ಹಿಡಿಯುತ್ತಾರೆ. ದಕ್ಷಿಣ ಕನ್ನಡದ ಬೆಳ್ತಂಗಡಿಯ ಕಡೆಗೆ ಬಂದು ನೆಲೆಸಿದ ಅವರ ಕುಟುಂಬಗಳು ಆ ರೂಢಿಯನ್ನೂ ಜೊತೆಗೆ ತಂದಿವೆ. ಲ್ಯಾಟಿನ್ ಪದ್ಧತಿಯ ಕ್ಯಾಥೊಲಿಕರಿಗೆ ಮಾತ್ರ ಈಗ ಆಗಮನ ಕಾಲದಲ್ಲಿ ವಿಶೇಷ ಉಪವಾಸದ ಕಡ್ಡಾಯವಿಲ್ಲ. ಪಾಪನಿವೇದನೆ ಮಾಡಿಕೊಳ್ಳುವುದು, ಒಂದು ಹೊತ್ತಿನ ರುಚಿ ಬಿಟ್ಟು ಅದರ ಹಣವನ್ನು ಬಡವರಿಗೆ ಎತ್ತಿಡುವುದು ಅವರವರ ಮನಸ್ಸಿಗೆ ಬಿಟ್ಟದ್ದು.

ಹೊಸ ಅಗಸನ ಗೋಣಿ

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎಂಬ ಗಾದೆ ಇಲ್ಲಿ ನೆನಪಾಗುತ್ತದೆ. ಪುಸ್ತಕ ಓದಿ ನಿಯಮಗಳನ್ನೆಲ್ಲ ಕಲಿತ ಹೊಸಬರು ಸುತ್ತ ನೋಡುತ್ತಾರೆ. ಕ್ರಿಸ್‌ಮಸ್ ಗೀತೆ 24ರ ರಾತ್ರಿಗೆ ಮುಂಚೆ ಸಲ್ಲದು ಎಂದು ಅವರು ಓದಿದ್ದರೆ, ಅದೇ ಇಗರ್ಜಿಯ ಯುವಕರು ಡಿಸೆಂಬರಿನ ಎರಡನೇ ವಾರಕ್ಕೇ ಗಿಟಾರು ಹಿಡಿದು ಮನೆಮನೆಗೆ ಕ್ಯಾರಲ್ ಹಾಡಲು ಹೊರಟಿರುತ್ತಾರೆ. ಕಚೇರಿಯಲ್ಲಿ 18ಕ್ಕೇ ಕೇಕು ಕತ್ತರಿಸುತ್ತಾರೆ. ನಕ್ಷತ್ರ ಎಲ್ಲರ ಮನೆಯ ಮುಂದೆಯೂ ತೂಗುತ್ತಿದೆ. ಹಾಗಾದರೆ ನಿಯಮ ಯಾರಿಗೆ?

ಹೊಸಬರು ಎಡವುವುದು ಇಲ್ಲಿಯೇ. ಕೇಕಿನ ತುಂಡನ್ನು ನಿರಾಕರಿಸಿ ಸಹೋದ್ಯೋಗಿಗೆ ಪಾಠ ಹೇಳುವುದು, ಕ್ಯಾರಲ್ ಹಾಡುವ ಹುಡುಗರ ಮೇಲೆ ಹುಬ್ಬು ಗಂಟಿಕ್ಕುವುದು ನಿಯಮದ ಅಕ್ಷರಕ್ಕೆ ಸರಿಯಿದ್ದೀತು. ಆದರೆ ನೇರಳೆ ಬಣ್ಣ ಇರುವುದು ತನ್ನನ್ನು ತಾನು ತಿದ್ದಿಕೊಳ್ಳಲಿಕ್ಕೆ, ಇತರರನ್ನು ಅಳೆಯಲಿಕ್ಕಲ್ಲ. ಇಷ್ಟಕ್ಕೂ ಚರ್ಚು ಈ ಕಾಲವನ್ನು ಈಸ್ಟರಿಗೆ ಮುಂಚಿನ ತಪಸ್ಸುಕಾಲದಷ್ಟು ಕಠಿಣವಾಗಿ ಇಟ್ಟಿಲ್ಲ. ತಪಸ್ಸುಕಾಲದಲ್ಲಿ ನಿಲ್ಲಿಸುವ ‘ಅಲ್ಲೆಲೂಯ’ ಘೋಷ ಆಗಮನ ಕಾಲದಲ್ಲಿ ನಿಲ್ಲುವುದಿಲ್ಲ. 1969ರ ನಿಯಮಾವಳಿಯೇ ಇದನ್ನು ಭಕ್ತಿಯ, ಹರ್ಷದ ನಿರೀಕ್ಷೆಯ ಕಾಲವೆಂದು ಕರೆದಿದೆ. ಗರ್ಭಿಣಿಯಿರುವ ಮನೆಯ ಕಾಯುವಿಕೆಯಂತೆ ಇದು. ಅಲ್ಲಿ ಭಯವೂ ಉಂಟು, ಪಥ್ಯವೂ ಉಂಟು, ಒಳಗೊಳಗೇ ಸಂತೋಷವೂ ಉಂಟು.

ಸಂಯಮಕ್ಕೆ ಪ್ರತಿಫಲವಿಲ್ಲದೆಯೂ ಇಲ್ಲ. ಡಿಸೆಂಬರ್ 26ರಂದು ಅಂಗಡಿಗಳು ನಕ್ಷತ್ರ ಇಳಿಸಿ ಹೊಸ ವರ್ಷದ ರಿಯಾಯಿತಿಯ ಫಲಕ ಏರಿಸುವಾಗ ಚರ್ಚಿನಲ್ಲಿ ಹಬ್ಬಕ್ಕೆ ಇನ್ನೂ ಎರಡನೇ ದಿನ. ಕ್ರಿಸ್‌ಮಸ್ಸಿನ ಅಷ್ಟಾಹ ಜನವರಿ 1ರವರೆಗೆ ನಡೆಯುತ್ತದೆ; ಕ್ರಿಸ್‌ಮಸ್ ಕಾಲ ಮುಗಿಯುವುದು ಯೇಸುವಿನ ಸ್ನಾನದೀಕ್ಷೆಯ ಹಬ್ಬಕ್ಕೆ. ಕಾದವರಿಗೆ ಹಬ್ಬ ಉದ್ದ.

ಕಾದವರು ಕೆಲವರು

ಹೆಸರಾಂತ ಮತಾಂತರಿಗಳ ಬದುಕಿನಲ್ಲಿ ಡಿಸೆಂಬರ್ ಮತ್ತೆ ಮತ್ತೆ ಇಣುಕುತ್ತದೆ. ಫ್ರೆಂಚ್ ಕವಿ, ನಾಟಕಕಾರ ಪಾಲ್ ಕ್ಲೊದೆಲ್ 1886ರ ಡಿಸೆಂಬರ್ 25ರಂದು ಪ್ಯಾರಿಸಿನ ನೋತ್ರ್ ದಾಮ್‌ನಲ್ಲಿ ಸಂಜೆಯ ಪ್ರಾರ್ಥನೆ ಕೇಳುತ್ತಾ ನಿಂತಿದ್ದರು. ಆಗ ಅವರಿಗೆ 18 ವರ್ಷ. ಮರಿಯಳ ಸ್ತೋತ್ರ ಹಾಡುತ್ತಿದ್ದ ಗಳಿಗೆಯಲ್ಲಿ ನಂಬಿಕೆ ಬಂದೇ ಬಂದಿತು. ಕತೆ ಅಲ್ಲಿಗೆ ಮುಗಿಯಿತೆಂದು ಭಾವಿಸುವವರು ಮುಂದಿನದನ್ನೂ ತಿಳಿಯಬೇಕು. ಮನಸ್ಸು ಒಪ್ಪಿದರೂ ಬುದ್ಧಿ, ಅಭಿಮಾನ, ಗೆಳೆಯರ ಅಂಜಿಕೆ ಒಪ್ಪಲಿಲ್ಲ. ಅವರು ಪರಮಪ್ರಸಾದ ಸ್ವೀಕರಿಸಿ ಚರ್ಚಿನೊಳಗೆ ಮರಳಿ ನಿಂತದ್ದು 1890ರ ಡಿಸೆಂಬರ್ 25ರಂದು. ಒಂದು ಕ್ಷಣದ ನಂಬಿಕೆಗೆ ನಾಲ್ಕು ವರ್ಷದ ಆಗಮನ ಕಾಲ!

ಅಮೆರಿಕದ ಥಾಮಸ್ ಮರ್ಟನ್ ನ್ಯೂಯಾರ್ಕಿನ ಕಾರ್ಪಸ್ ಕ್ರಿಸ್ಟಿ ಇಗರ್ಜಿಯಲ್ಲಿ ಜ್ಞಾನಸ್ನಾನ ಪಡೆದದ್ದು 1938ರ ನವೆಂಬರ್ 16ರಂದು. ಹನ್ನೊಂದೇ ದಿನಕ್ಕೆ ಆಗಮನ ಕಾಲ ಆರಂಭವಾಯಿತು. ಜ್ಞಾನಸ್ನಾನದ ನಂತರವೂ ಬದುಕು ಹಳೆಯ ಜಾಡಿನಲ್ಲೇ ನಡೆಯಿತೆಂದು ಅವರು 1948ರ ತಮ್ಮ ಆತ್ಮಕಥೆಯಲ್ಲಿ ತಮ್ಮನ್ನೇ ದೂರಿಕೊಂಡಿದ್ದಾರೆ. ಮೂರು ವರ್ಷದ ನಂತರ, 1941ರ ಡಿಸೆಂಬರ್ 10ರಂದು, ಆಗಮನ ಕಾಲದಲ್ಲಿಯೇ ಅವರು ಕೆಂಟಕಿಯ ಗೆತ್ಸೆಮನಿ ಮಠದ ಬಾಗಿಲು ತಟ್ಟಿದರು. ಸರಿಯಾಗಿ 27 ವರ್ಷದ ಬಳಿಕ ಅದೇ ಡಿಸೆಂಬರ್ 10ರಂದು ಬ್ಯಾಂಕಾಕಿನ ಬಳಿ ತೀರಿಕೊಂಡರು. ಅದಕ್ಕೆ ಕೆಲವೇ ವಾರಗಳ ಮುಂಚೆ ಧರ್ಮಶಾಲೆಯಲ್ಲಿ ದಲೈ ಲಾಮಾ ಅವರನ್ನು ಕಂಡು ಬಂದಿದ್ದರು.

ಡೊರೊತಿ ಡೇ ಅವರ ಕತೆಯಲ್ಲಿ ಮತಾಂತರದ ಬೆಲೆ ಕಾಣುತ್ತದೆ. ಎಡಪಂಥೀಯ ಪತ್ರಕರ್ತೆಯಾಗಿದ್ದ ಆಕೆ 1927ರ ಡಿಸೆಂಬರ್ 28ರಂದು, ಕ್ರಿಸ್‌ಮಸ್ ಕಳೆದ ಮೂರನೇ ದಿನ, ಕ್ಯಾಥೊಲಿಕರಾದರು. ಅದಕ್ಕಾಗಿ ದೇವರನ್ನು ಒಪ್ಪದ, ತಾನು ಪ್ರೀತಿಸಿದ ಗಂಡಸಿನಿಂದ, ತನ್ನ ಮಗಳ ತಂದೆಯಿಂದ ದೂರವಾಗಬೇಕಾಯಿತು. ಆ ದಿನ ತನಗೆ ವಿಶೇಷ ಸಂತೋಷವೇನೂ ಆಗಲಿಲ್ಲವೆಂದು ಆಕೆ ಮುಂದೆ ಮುಚ್ಚುಮರೆಯಿಲ್ಲದೆ ಬರೆದರು. ಐದು ವರ್ಷ ಹಳೆಯ ಗೆಳೆಯರೂ ಇಲ್ಲದೆ, ಹೊಸ ಚರ್ಚಿನಲ್ಲಿ ತನ್ನ ಕೆಲಸವೇನೆಂದೂ ತಿಳಿಯದೆ ಕಳೆದವು. 1932ರ ಡಿಸೆಂಬರ್ 8ರಂದು, ವಾಷಿಂಗ್ಟನ್ನಿನಲ್ಲಿ ಹಸಿದವರ ಮೆರವಣಿಗೆಯ ವರದಿಗೆ ಹೋದವರು ಅಲ್ಲಿನ ಮರಿಯಮ್ಮನ ದೊಡ್ಡ ದೇವಾಲಯದಲ್ಲಿ ಮಂಡಿಯೂರಿ, ಬಡವರಿಗಾಗಿ ದುಡಿಯುವ ದಾರಿ ತೋರಿಸೆಂದು ಬೇಡಿಕೊಂಡರು. ನ್ಯೂಯಾರ್ಕಿನ ಮನೆಗೆ ಮರಳಿದಾಗ ಪೀಟರ್ ಮೊರೀನ್ ಎಂಬ ಅಪರಿಚಿತರು ಅವರಿಗಾಗಿ ಕಾಯುತ್ತಿದ್ದರು. ಇಬ್ಬರೂ ಸೇರಿ 1933ರ ಮೇ 1ರಂದು ಆರಂಭಿಸಿದ ‘ಕ್ಯಾಥೊಲಿಕ್ ವರ್ಕರ್’ ಪತ್ರಿಕೆಯಿಂದ ಹಸಿದವರಿಗೆ ಅನ್ನ, ಮನೆಯಿಲ್ಲದವರಿಗೆ ಆಸರೆ ಕೊಡುವ ಚಳವಳಿಯೇ ಬೆಳೆಯಿತು. ಆಕೆ ತೀರಿಕೊಂಡದ್ದು 1980ರ ನವೆಂಬರ್ 29ರಂದು. ಮಾರನೆಯ ದಿನ ಆಗಮನ ಕಾಲದ ಮೊದಲ ಭಾನುವಾರ.

ಇವರ ಸಾಲಿಗೆ ಜರ್ಮನಿಯ ಆಲ್ಫ್ರೆಡ್ ಡೆಲ್ಪ್ ಅವರನ್ನೂ ಸೇರಿಸಬೇಕು. ಲೂಥರನ್ ಪದ್ಧತಿಯಲ್ಲಿ ಬೆಳೆದು, ಹದಿಹರೆಯದಲ್ಲಿ ಕ್ಯಾಥೊಲಿಕರಾಗಿ, ಯೇಸುಸಭೆಯ ಗುರುಗಳಾದವರು ಅವರು. ನಾಜಿಗಳು 1944ರ ಜುಲೈನಲ್ಲಿ ಅವರನ್ನು ಬಂಧಿಸಿದರು. ಆ ವರ್ಷದ ಆಗಮನ ಕಾಲದಲ್ಲಿ ಬರ್ಲಿನ್ನಿನ ಟೇಗಲ್ ಸೆರೆಮನೆಯಲ್ಲಿ ಬೇಡಿ ಬಿಗಿದ ಕೈಗಳಿಂದಲೇ ಅವರು ಆಗಮನದ ಬಗ್ಗೆ ಚಿಂತನೆಗಳನ್ನು ಬರೆದರು. ಒಗೆಯಲು ಕೊಡುವ ಬಟ್ಟೆಗಳ ಜೊತೆ ಆ ಕಾಗದಗಳು ಗುಟ್ಟಾಗಿ ಹೊರಬಂದವು. 1945ರ ಫೆಬ್ರವರಿ 2ರಂದು ಅವರನ್ನು ಗಲ್ಲಿಗೇರಿಸಲಾಯಿತು. ಹೊರಗಿನಿಂದ ಮಾತ್ರ ತೆರೆಯುವ ಬಾಗಿಲಿನ ಒಳಗೆ ಕೂತವರಿಗೆ ಕಾಯುವುದೆಂದರೆ ಏನೆಂಬುದು ಅವರ ಬರಹದಲ್ಲಿ ಅಲಂಕಾರದ ಮಾತಾಗಿ ಉಳಿದಿಲ್ಲ.

ಧನುರ್ಮಾಸದ ನೆರೆಯಲ್ಲಿ

ಇವರೆಲ್ಲ ಕ್ರೈಸ್ತ ದೇಶಗಳವರು. ಹಿಂದೂ ಮನೆಯಲ್ಲಿ ಬೆಳೆದು, ಮದುವೆಯ ಮೂಲಕವೋ ಸ್ವಂತ ಹುಡುಕಾಟದಿಂದಲೋ ಕ್ಯಾಥೊಲಿಕರಾದ ಕನ್ನಡಿಗರಿಗೆ ಈ ಕಾಲ ಪೂರ್ತಿ ಅಪರಿಚಿತವೇ? ಹಾಗೆನ್ನಲಾಗದು. ಆಗಮನ ಕಾಲದ ಕೊನೆಯ ವಾರಕ್ಕೇ ನಮ್ಮಲ್ಲಿ ಧನುರ್ಮಾಸ ಹೊಕ್ಕಿರುತ್ತದೆ. ಚುಮುಚುಮು ಚಳಿಯಲ್ಲಿ ಬೆಳಕು ಹರಿಯುವ ಮುನ್ನ ಎದ್ದು ಮೀಯುವುದು, ದೇವಸ್ಥಾನದ ಮುಂಜಾನೆಯ ಪೂಜೆ, ಹುಗ್ಗಿಯ ನೈವೇದ್ಯ. ಆ ತಿಂಗಳು ಮದುವೆ ಮುಂಜಿಗಳಿಗೆ ಬಿಡುವು.

ಕ್ಯಾಥೊಲಿಕ್ ಲೋಕದಲ್ಲೂ ಇದಕ್ಕೆ ಸರಿಜೋಡಿಗಳಿವೆ. ಪೋಲೆಂಡಿನಲ್ಲಿ ಆಗಮನ ಕಾಲದ ಮುಂಜಾವಿನ ಕತ್ತಲೆಯಲ್ಲಿ ಮೇಣದಬತ್ತಿಯ ಬೆಳಕಿನಲ್ಲೇ ಮರಿಯಮ್ಮನ ಹೆಸರಿನಲ್ಲಿ ಪೂಜೆ ನಡೆಯುತ್ತದೆ. ಫಿಲಿಪೈನ್ಸಿನಲ್ಲಿ ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ಕೋಳಿ ಕೂಗುವ ಹೊತ್ತಿಗೆ ಪೂಜೆ; ಅದು ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಬಿಸಿಬಿಸಿ ಅಕ್ಕಿಯ ತಿಂಡಿ. 1917ರ ಚರ್ಚು ಕಾನೂನು ಆಗಮನ ಕಾಲದಲ್ಲಿ ವೈಭವದ ವಿವಾಹಾಶೀರ್ವಾದಕ್ಕೆ ತಡೆ ಹಾಕಿತ್ತು. 1983ರ ಹೊಸ ಕಾನೂನಿನಲ್ಲಿ ಆ ತಡೆ ಇಲ್ಲ.

ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕರ ಅಡುಗೆಮನೆಯಲ್ಲಂತೂ ಕಾಯುವಿಕೆಗೆ ವಾಸನೆಯೇ ಇದೆ. ಡಿಸೆಂಬರಿನಲ್ಲಿ ಮನೆಮಂದಿಯೆಲ್ಲ ಕೂತು ಕುಸ್ವಾರ್ ಮಾಡುತ್ತಾರೆ. ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿ, ರೋಸ್ ಕುಕ್ಕಿ ಕರಿದು ಡಬ್ಬ ತುಂಬುತ್ತಾರೆ. ಡಬ್ಬದ ಮುಚ್ಚಳ ತೆರೆಯಬೇಕಾದ್ದು ಹಬ್ಬಕ್ಕೆ, ಹಂಚಬೇಕಾದ್ದು ಜಾತಿ ಧರ್ಮ ನೋಡದೆ ನೆರೆಯವರಿಗೆ. ಆ ಮನೆಗೆ ಹೊಸದಾಗಿ ಬಂದ ಸೊಸೆಗೆ ದೇವಶಾಸ್ತ್ರದ ಪುಸ್ತಕಕ್ಕಿಂತ ಮೊದಲು ಆಗಮನ ಕಾಲವನ್ನು ಕಲಿಸುವುದು ಆ ಮುಚ್ಚಿದ ಡಬ್ಬ.

ಮತ ಬದಲಾದರೆ ಹಿಂದಿನದೆಲ್ಲ ಅಳಿಸಿಹೋಗಬೇಕೆಂದು ತಿಳಿಯುವವರು ಎರಡೂ ಕಡೆ ಇದ್ದಾರೆ. ಆದರೆ ಅಭ್ಯಾಸವಾದ ಮೈ ಮನಸ್ಸುಗಳು ಅಷ್ಟು ಬೇಗ ಮರೆಯುವುದಿಲ್ಲ. ಮುಂಜಾನೆ ಏಳುವುದು, ಒಂದು ಹೊತ್ತು ಬಿಡುವುದು, ದೀಪ ಹಚ್ಚಿ ಸುಮ್ಮನೆ ಕೂರುವುದು ತಾಯಿಯ ಮನೆಯಲ್ಲಿ ಕಲಿತ ವಿದ್ಯೆಗಳೇ. ಒಂದೇ ಸೂರಿನಡಿ ಡಿಸೆಂಬರಿನ ಮೂರನೇ ವಾರ ಅಮ್ಮ ಧನುರ್ಮಾಸದ ಹುಗ್ಗಿಗೆ ಒಲೆ ಹಚ್ಚುವುದೂ ಮಗಳು ನಾಲ್ಕನೇ ಮೇಣದಬತ್ತಿ ಹಚ್ಚುವುದೂ ಇದ್ದೀತು. ಇಬ್ಬರೂ ಕಾಯುವುದು ಒಬ್ಬನನ್ನೇ ಅಲ್ಲದಿರಬಹುದು. ಆದರೆ ಕಾಯುವವರ ಕಷ್ಟ ಸುಖ ಕಾಯುವವರಿಗೇ ಗೊತ್ತು. ಹೊಸ ಧರ್ಮದಲ್ಲಿ ಮೊದಲ ಡಿಸೆಂಬರ್ ಕಳೆಯುತ್ತಿರುವವರಿಗೆ, ಮನೆಯವರ ಮಾತಿಗೂ ಇಗರ್ಜಿಯ ಮೌನಕ್ಕೂ ನಡುವೆ ನಿಂತವರಿಗೆ, ಅಷ್ಟು ತಿಳಿದರೂ ಆ ನಾಲ್ಕು ಭಾನುವಾರಗಳು ಸಾರ್ಥಕ.